ಸಿದ್ದವ್ವನವರ ಬೆಳ್ಳಿ ಕರಡಿ

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಬರ್ಮಿಂಗ್‌ಹ್ಯಾಮ್ ನಗರದ ಒಂದು ಪೊಲೀಸ್ ಠಾಣೆಯ ಕೌಂಟರಿಗೆ, ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ತೊಟ್ಟ ವೃದ್ಧೆಯೊಬ್ಬರು ಬಂದರು. ಹೆಸರು ಸಿದ್ದವ್ವ, ವಯಸ್ಸು ಎಪ್ಪತ್ತೆರಡು, ಸ್ವಂತ ಊರು ಬೈಲಹೊಂಗಲ, ಸದ್ಯ ಮಗ ಬಸವಪ್ರಭುವಿನ ಜೊತೆ ಸೊಲಿಹಲ್‌ನಲ್ಲಿ ವಾಸ. ಕೈ ಹಿಡಿದು ಕರೆತಂದವರು ಸೊಸೆ ಡಾಕ್ಟರ್ ದಾನೇಶ್ವರಿ. ಆಪರೇಷನ್ ಥಿಯೇಟರಿಗೆ ಹೊತ್ತಾಗುತ್ತಿದೆಯೆಂದು ಅವರು ನಿಂತಲ್ಲೇ ವಿಷಯ ಹೇಳಿದರು.

"ಇಲ್ಲಿ ಕನ್ನಡ ಬರೋ ಆಫೀಸರ್ ಇದಾರಂತಲ್ಲ, ಅವರಿಗೇ ಎಲ್ಲ ಹೇಳ್ತಾರೆ. ನಿನ್ನೆ ಸಂಜೆ ಬಾರ್‌ನಲ್ಲಿ ಕಳೆದಿರೋದು. ಅದು ಸಿಗೋ ತನಕ ಅತ್ತೆ ಏನೂ ತಿನ್ನಲ್ಲ. ಡಯಾಬಿಟಿಸ್ ಇದೆ, ಇನ್ಸುಲಿನ್ ಮೇಲಿದಾರೆ. ದಯವಿಟ್ಟು ಸ್ವಲ್ಪ ಬೇಗ ನೋಡಿ."

ಕನ್ನಡ ಬರುವ ಆಫೀಸರ್ ಎಂದರೆ ಡಿಟೆಕ್ಟಿವ್ ಸಾರ್ಜೆಂಟ್ ಸುಚೇತಾ. ಡರ್ಬಿಯಲ್ಲಿ ವಿಮಾನದ ಎಂಜಿನ್ ಮಾಡುವ ಮೈಸೂರಿನವರೊಬ್ಬರ ಮಗಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಮ್ಮ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೆಳೆದವರು. ಆದರೂ 'ನನಗೆ ಕನ್ನಡ ಬರುತ್ತೆ' ಎಂಬ ಜಂಬ ಇತ್ತು. ಫೋನಿನಲ್ಲಿ ದುಭಾಷಿ ಸಿಗುತ್ತಾರೆ ಎಂದು ಕಾನ್‌ಸ್ಟೇಬಲ್ ಗ್ಯಾರೆತ್ ಹೇಳಿದರೆ, ಬೇಡವೇ ಬೇಡ ಎಂದುಬಿಟ್ಟರು.

"ಏನು ಕಳಕೊಂಡ್ರಿ ಅಜ್ಜಿ?"

"ಬೆಳ್ಳಿ ಕರಡಗಿ, ಯವ್ವಾ. ನಮ್ಮ ದೇವರು ಅದರಾಗ ಅದಾನ."

"ಎಷ್ಟು ದೊಡ್ಡದು?"

ಸಿದ್ದವ್ವ ಮುಷ್ಟಿ ಮಾಡಿ ತೋರಿಸಿದರು.

"ಎಲ್ಲಿ ಇಟ್ಟಿದ್ರಿ?"

"ಇಡೂದೇನು? ಅದನ್ನ ಬಿಟ್ಟು ನಾ ಎಂದೂ ಇರಂಗಿಲ್ಲ."

"ಬಾರ್‌ಗೆ ಹೇಗೆ ಹೋದ್ರಿ?"

"ಸೊಸಿ ಜೋಡಿ ಕೆಲಸಾ ಮಾಡೂ ಹುಡುಗಿದು ಹುಟ್ಟಿದ ದಿನಾ ಇತ್ತು. ನಾ ಮೂಲ್ಯಾಗ ಕುಂತು ಹಣ್ಣಿನ ರಸಾ ಕುಡ್ಯಾಕತ್ತಿದ್ನಿ. ಆ ಕುಣಿಸೂ ಹುಡುಗ ಬಂದು ಕೈ ಹಿಡದು ಎಬ್ಬಿಸಿದ ನೋಡವಾ, ಗಿರಿಗಿರಿ ತಿರಿಗಿಸಿಬಿಟ್ಟ!" ಸಿದ್ದವ್ವನ ಮುಖದಲ್ಲಿ ಒಂದು ಕ್ಷಣ ನಗು ಬಂತು. "ಖರೇ ಹೇಳ್ತೀನಿ, ಭಾಳ ಚಂದ ಇತ್ತು. ಮನಿಗಿ ಹೋಗಿ ನೋಡ್ತೀನಿ, ಇಲ್ಲ. ಎದಿ ಧಸಕ್ ಅಂತು."

ಈ ದೇಶದಲ್ಲಿ ಎಫ್‌ಐಆರ್ ಎನ್ನುವುದಿಲ್ಲ, ಕ್ರೈಮ್ ನಂಬರ್ ಕೊಡುತ್ತಾರೆ. ಪಂಚನಾಮೆಗೆ ಪಂಚರನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಸುಚೇತಾ ಕಂಪ್ಯೂಟರಿನಲ್ಲಿ ದಾಖಲಿಸಿದ್ದು ಇಷ್ಟು: ಕಳೆದ ವಸ್ತು, ಬೆಳ್ಳಿಯ ಕರಡಿ ಒಂದು, ಮುಷ್ಟಿ ಗಾತ್ರ, ಪೂಜೆಯದು.

"ಹಿಂದೂಗಳಲ್ಲಿ ಕರಡಿ ದೇವರಿದ್ದಾನಾ?" ಗ್ಯಾರೆತ್ ಕೇಳಿದ.

"ಜಾಂಬವಂತ ಅಂತ ಒಬ್ಬ ಇದ್ದಾನೆ," ಎಂದರು ಸುಚೇತಾ, ಚಿಕ್ಕಂದಿನಲ್ಲಿ ಕೇಳಿದ್ದ ಅರ್ಧ ಕತೆಯ ಧೈರ್ಯದ ಮೇಲೆ.

ಮಧ್ಯಾಹ್ನ ಇಬ್ಬರೂ ಡಿಗ್‌ಬೆತ್‌ನ 'ಎಲ್ ಪಾಪಗಾಯೋ' ಬಾರಿಗೆ ಹೋದರು. ಹಗಲಿನಲ್ಲಿ ಅದು ಬರೀ ಗೋಡೌನಿನ ಹಾಗಿತ್ತು. ಪ್ಲಾಸ್ಟಿಕ್ ತಾಳೆಮರ, ಗಿಳಿಯ ಚಿತ್ರ, ಮೇಜಿನ ಮೇಲೆ ಮಗುಚಿಟ್ಟ ಕುರ್ಚಿಗಳು. ಗಿರಾಕಿಗಳು ಮರೆತು ಹೋದದ್ದನ್ನು ಹಾಕುವ ಡಬ್ಬದಲ್ಲಿ ಒಂಟಿ ಚಪ್ಪಲಿ, ಅಂಟಿಸುವ ಕಣ್ರೆಪ್ಪೆ, ಮುರಿದ ಕೊಡೆ ಸಿಕ್ಕವು. ಮಹಜರು ಮುಗಿಯಿತು, ಕರಡಿ ಇಲ್ಲ.

ಬೆಳ್ಳಿ ಕರಡಿ ನೋಡಿದಿರಾ ಎಂದರೆ ಮ್ಯಾನೇಜರ್ ನಕ್ಕ. ಕೌಂಟರಿನ ಹುಡುಗಿ, "ಟೆಡ್ಡಿ ಬೇರಾ?" ಎಂದಳು. ಕೊನೆಗೆ ಸಿಕ್ಕವನು ಸಾಲ್ಸಾ ನೃತ್ಯ ಹೇಳಿಕೊಡುವ ಮಾರ್ಕೋ. ಮೂವತ್ತೈದರ ಆಸುಪಾಸು, ತಿದ್ದಿದ ಮೀಸೆ. ಕೊಲಂಬಿಯಾದವನು ಎಂದು ಮ್ಯಾನೇಜರ್ ಹೆಮ್ಮೆಯಿಂದ ಪರಿಚಯಿಸಿದ. ಮಾತು ಇಂಗ್ಲಿಷಿನಲ್ಲೇ ನಡೆಯಿತು.

"ಬೆಳ್ಳಿ ಕರಡಿ ನೋಡಿದಿರಾ?"

"ಇಲ್ಲ."

"ಆ ಅಜ್ಜಿಯ ಜೊತೆ ಕುಣಿದದ್ದು ನೀವೇ?"

"ನಾನೇ. ಪಾಪ, ತಿರುಗುವಾಗ ದಾರ ಕಿತ್ತಿರಬೇಕು. ಹೊರಗೆ ರಸ್ತೆಯಲ್ಲಿ ಬಿದ್ದಿರಬಹುದು, ಹುಡುಕಿ."

ಸುಚೇತಾ ಥ್ಯಾಂಕ್ಸ್ ಹೇಳಿ ಕಾರು ಹತ್ತಿದರು. ಗ್ಯಾರೆತ್ ಬೆಲ್ಟ್ ಹಾಕಿಕೊಳ್ಳುತ್ತ, "ಕರಡಿಗೆ ದಾರ ಯಾಕೆ ಕಟ್ತಾರೆ?" ಎಂದ.

ಹೌದಲ್ಲ! ದಾರದ ಮಾತನ್ನು ಯಾರೂ ಎತ್ತಿರಲಿಲ್ಲ. ಸುಚೇತಾ ಕೂಡಲೇ ದಾನೇಶ್ವರಿಗೆ ಫೋನ್ ಮಾಡಿದರು.

"ಅಯ್ಯೋ ಶಿವನೇ! ಕರಡಿ ಅಲ್ಲ ರೀ, ಕರಡಿಗೆ! ನಮ್ಮತ್ತೆ ಅದನ್ನೇ ಕರಡಗಿ ಅಂತಾರೆ. ಲಿಂಗ ಇಡೋ ಬೆಳ್ಳಿ ಡಬ್ಬಿ. ಗುರುಗಳು ಕೊಟ್ಟ ಇಷ್ಟಲಿಂಗ ಒಳಗಿರತ್ತೆ. ಕೊರಳಿಗೆ ದಾರದಲ್ಲಿ ಕಟ್ಕೊಂಡು ಸೆರಗಿನೊಳಗೆ ಇಟ್ಕೊಂಡಿರ್ತಾರೆ. ಅದರ ಪೂಜೆ ಆಗದೆ ಒಂದು ತುತ್ತೂ ಮುಟ್ಟಲ್ಲ. ಮನೆಯಿಂದ ಬಸು ಈಗಷ್ಟೇ ಫೋನ್ ಮಾಡಿದ್ರು. ಶುಗರ್ ಇಳೀತಾ ಇದೆ, ಒಂದು ಲೋಟ ಜ್ಯೂಸ್ ಕೂಡ ಬೇಡ ಅಂತಿದಾರಂತೆ. ಇನ್ನೂ ಇಳಿದರೆ ಅಡ್ಮಿಟ್ ಮಾಡ್ಲೇಬೇಕು."

ಸುಚೇತಾಗೆ ನಾಚಿಕೆಯಾಯಿತು. ಆದರೆ ನಾಚಿಕೆಪಡುತ್ತ ಕೂರಲು ಪುರುಸೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕರಡಿ ಎಂದಾಗ ದಾರದ ಮಾತೆತ್ತಿದವನು ಒಬ್ಬನೇ. ಆ ಡಬ್ಬಿಯನ್ನು ಕಣ್ಣಾರೆ ಕಾಣದೆ ಹಾಗನ್ನುವುದು ಸಾಧ್ಯವಿರಲಿಲ್ಲ. ಸಾರ್ಜೆಂಟರ ಕನ್ನಡ ಚೆನ್ನಾಗಿದ್ದಿದ್ದರೆ ಅವನು ಸಿಕ್ಕಿಬೀಳುತ್ತಲೇ ಇರಲಿಲ್ಲ.

ಮಾರ್ಕೋ ಆಗಲೇ ಮನೆಗೆ ಹೋಗಿದ್ದ. ವಿಳಾಸ ಪಡೆದು ಸೆಲ್ಲಿ ಓಕ್‌ಗೆ ಹೋದರು. ಬಾರಿನ ನಾಲ್ಕಾರು ಜನ ಒಟ್ಟಿಗೆ ಬಾಡಿಗೆಗಿರುವ ಮನೆ ಅದು. ಬಾಗಿಲು ತೆರೆದವನು ಅವನೇ. ಸುಚೇತಾ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು. "ಅದರ ಪೂಜೆ ಮಾಡದೆ ಆ ಅಜ್ಜಿ ಊಟ ಮಾಡುವುದಿಲ್ಲ. ನಿನ್ನೆಯಿಂದ ಬರೀ ಹೊಟ್ಟೆಯಲ್ಲಿದ್ದಾರೆ. ಅವರಿಗೆ ಡಯಾಬಿಟಿಸ್ ಇದೆ."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಅಯ್ಯಯ್ಯೋ, ಊಟ ಬಿಟ್ಟಿದಾರಾ?"

ಅಚ್ಚ ಬೆಂಗಳೂರು ಕನ್ನಡ! ಸುಚೇತಾ ಬೆರಗಾಗಿ ಅವನನ್ನೇ ನೋಡಿದರು. ಮುಂದಿನ ವಿಚಾರಣೆ ಕನ್ನಡದಲ್ಲೇ ನಡೆಯಿತು.

"ನೀವು ಕೊಲಂಬಿಯಾದವರು ಅಲ್ವಾ?"

"ಇಲ್ಲ ಮೇಡಂ. ಹಲಸೂರು. ಮುರುಗೇಶ ನನ್ನ ಹೆಸರು. ಲ್ಯಾಟಿನ್ ಬಾರ್‌ನಲ್ಲಿ ಮುರುಗೇಶ ಅಂದ್ರೆ ಯಾರು ಕುಣಿಯೋಕೆ ಬರ್ತಾರೆ ಹೇಳಿ?"

"ಅದು ಎಲ್ಲಿ?"

ಕೋಣೆಗೆ ಕರೆದುಕೊಂಡು ಹೋಗಿ ಬೀರು ತೆಗೆದ. ಶೂಗಳನ್ನೆಲ್ಲ ಕೆಳಗಿಳಿಸಿ ಮೇಲಿನ ಅರೆಯನ್ನು ಒರೆಸಿದ್ದ. ಒಗೆದ ಟವೆಲಿನ ಮೇಲೆ ಬೆಳ್ಳಿಯ ಕರಡಿಗೆ, ಪಕ್ಕದಲ್ಲಿ ಒಂದು ಲೋಟ ನೀರು, ಅಂಗಡಿಯಿಂದ ತಂದ ಸೇವಂತಿಗೆ ಇದ್ದವು.

"ಏನು ಅಂತ ಗೊತ್ತಿದ್ದೂ ತಗೊಂಡ್ರಾ?"

"ಗೊತ್ತಿತ್ತು. ಕೊಟ್ಬಿಡೋಣ ಅಂತ ಕೈಗೆ ತಗೊಂಡೆ, ಬೆಚ್ಚಗಿತ್ತು. ಮನಸ್ಸು ಬರಲಿಲ್ಲ ಮೇಡಂ. ಈ ಮನೇಲಿರೋರೆಲ್ಲ ನನ್ನ ಮಾರ್ಕೋ ಅಂತಲೇ ನಂಬಿದಾರೆ. ಗೋಡೆ ಮೇಲೆ ಒಂದು ದೇವರ ಪಟ ಹಾಕೋ ಹಾಗಿಲ್ಲ, ಹಣೆಗೆ ವಿಭೂತಿ ಇಡೋ ಹಾಗಿಲ್ಲ. ದೇವರು ತಾನಾಗೇ ಕಾಲ ಹತ್ರ ಬಂದು ಬಿದ್ದ ಅನ್ಸ್ತು. ತಪ್ಪು ಮಾಡಿದೆ. ಅವರು ಉಪವಾಸ ಇರ್ತಾರೆ ಅಂತ ಮಾತ್ರ, ದೇವರಾಣೆ, ಹೊಳೀಲಿಲ್ಲ."

ಸಂಜೆ ನಾಲ್ಕೂವರೆಗೆ ಅವನ ಬಂಧನವಾಯಿತು. ಬಿದ್ದದ್ದು ಸಿಕ್ಕಿ, ಯಾರದೆಂದು ತಿಳಿದೂ ಇಟ್ಟುಕೊಂಡರೆ ಇಲ್ಲಿನ ಕಾನೂನಿನಲ್ಲಿ ಅದೂ ಕಳ್ಳತನವೇ. ಸಾಕ್ಷ್ಯಕ್ಕೆಂದು ಕರಡಿಗೆಯ ಫೋಟೋ ತೆಗೆದಿಟ್ಟು, ಅದನ್ನು ಮರಳಿಸಲು ಗ್ಯಾರೆತ್ ಸೊಲಿಹಲ್‌ಗೆ ಹೊರಟ. ಟವೆಲಿನ ಸಮೇತ ಎರಡೂ ಕೈಯಲ್ಲಿ ಹಿಡಿದು ಒಯ್ದ. ಹಾಗೆ ಹಿಡಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು. ಅಜ್ಜಿ ಊರಿಗೆ ಫೋನ್ ಮಾಡಿ ಮಠದ ಗುರುಗಳನ್ನು ಕೇಳಿ, ತೊಳೆದು ಪೂಜೆ ಮಾಡಿ, ಉಪ್ಪಿಟ್ಟು ತಿಂದರು. ತನಗೂ ಬಡಿಸಿದರು, ಖಾರವೆಂದರೆ ಖಾರ. ಸುಚೇತಾ ಸೆಲ್‌ನ ಕಿಂಡಿಯಲ್ಲಿ ಬಗ್ಗಿ, "ಅಜ್ಜಿ ಊಟ ಮಾಡಿದ್ರು," ಎಂದರು. ಮುರುಗೇಶ ಎದ್ದು ನಿಂತು ಕೈಮುಗಿದ.

ಕೋರ್ಟು ಕಚೇರಿ ಬೇಡ ಎಂದು ಸಿದ್ದವ್ವ ಹಟ ಹಿಡಿದರು. ಹಾಗಾಗಿ, ಎದುರುಬದುರು ಕೂರಿಸಿ ಕ್ಷಮೆ ಕೇಳಿಸಿ ಪ್ರಕರಣ ಮುಗಿಸುವುದೆಂದು ತೀರ್ಮಾನವಾಯಿತು. ಸೋಮವಾರ ಠಾಣೆಯ ಸಣ್ಣ ಕೋಣೆಯಲ್ಲಿ ಅವನು ತಲೆ ತಗ್ಗಿಸಿ ಕೂತಿದ್ದ. ಈ ಸಲ ಸುಚೇತಾ ಫೋನಿನಲ್ಲಿ ದುಭಾಷಿಯನ್ನೂ ಇಟ್ಟುಕೊಂಡಿದ್ದರು.

"ನೀ ಅಂದು ಕುಣಿಸಿದ್ದಕ್ಕ ನಾ ನಿನಗ ಭಾಳ ಋಣಿ ಅದೀನಪಾ," ಎಂದರು ಸಿದ್ದವ್ವ. "ಈ ವಯಸ್ಸಿನ್ಯಾಗ ನನ್ನ ಕೈ ಹಿಡದು ಎಬ್ಬಸವ್ರು ಯಾರದಾರ? ಮದಲ ಅದನ್ನ ಹೇಳಬೇಕಾಗಿತ್ತು. ನಿನ್ನ ಹೆಸರೇನು?"

"ಮುರುಗೇಶ, ಅಮ್ಮ."

ಸಿದ್ದವ್ವ ಕಣ್ಣರಳಿಸಿ ಅವನನ್ನು ನೋಡಿದರು.

"ಅಲ್ಲೋ ಹುಚ್ಚಪ್ಪಾ, ಮುರುಗೇಶ ಅಂದ್ರ ಶಿವನ ಮಗಾ ಅಲ್ಲೇನು? ಅಪ್ಪನ್ನ ಯಾರರ ಕದೀತಾರೇನೋ?"

ಮುರುಗೇಶ ಮುಖ ಮುಚ್ಚಿಕೊಂಡು ಅತ್ತ. ಸಿದ್ದವ್ವ ಪಕ್ಕದ ಕುರ್ಚಿಗೆ ಬಂದು ಕೂತು, ಅಳು ನಿಲ್ಲುವ ತನಕ ಅವನ ಬೆನ್ನು ಸವರುತ್ತಿದ್ದರು.