ಹುಣಸೆಮರ ದಾಟುವ ತನಕ

ಟಪ್... ಟಪ್... ಟಪ್...

ಹಿಂದೆ ಯಾರೋ ಓಡಿ ಬರುತ್ತಿದ್ದಾರೆ!

ಓಡುತ್ತಿದ್ದ ಶಾಮಲ ಗಕ್ಕನೆ ನಿಂತಳು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕೋಲಾರದ ರಸ್ತೆಯಲ್ಲಿ ಒಂದು ಲಾರಿಯೂ ಇಲ್ಲ. ಎದುರಿಗೆ ಅದೇ ಹುಣಸೆಮರ... ಮೂರು ವರ್ಷದ ಹಿಂದೆ, ಕೋಲಾರದ ದೊಡ್ಡಾಸ್ಪತ್ರೆಗೆಂದು ಹೊರಟ ಎತ್ತಿನಗಾಡಿಯಲ್ಲಿ, ಹೆರಿಗೆ ನೋವು ತಡೆಯಲಾರದೆ ಅಕ್ಕ ಆವಲಮ್ಮ ಉಸಿರು ಬಿಟ್ಟ ಜಾಗ.

ಬಗ್ಗಿ ಕಲ್ಲೆತ್ತಿಕೊಂಡು ಬೀಸಿಯೇ ಬಿಟ್ಟಳು.

"ಓರಿ ದೇವುಡಾ! ಸಾಯ್ಸಿಬಿಟ್ರಲ್ರೀ!"

ಮೊಣಕಾಲು ಹಿಡಿದುಕೊಂಡು ಕುಂಟುತ್ತಿದ್ದವನು ಕದಿರಪ್ಪ, ಪಕ್ಕದೂರಿನ ಆಸ್ಪತ್ರೆಯ ಕಂಪೌಂಡರ್. "ಟಿಂಚರ್ ನಾನೇ ಹಚ್ಕೋತೀನಿ ಬಿಡಿ. ಈ ಹೊತ್ತಲ್ಲಿ ಯಾಕ್ರೀ ಓಡ್ತಿದ್ದೀರಿ?"

"ಜೀಪಿಗೆ..." ಎಂದಳು ಏದುಸಿರು ಬಿಡುತ್ತಾ.

ಅದು ಎಂಬತ್ತಮೂರನೇ ಇಸವಿ. ಬಸುರಿಯರನ್ನು ದೊಡ್ಡಾಸ್ಪತ್ರೆಗೆ ಸಾಗಿಸಲು ಒಂದು ಜೀಪು ಬೇಕೆಂದು ಯುವಕ ಸಂಘದವರು ನಂಗಲಿ ಕಡೆಯಿಂದ ಕೋಲಾರದವರೆಗೆ ಇಪ್ಪತ್ತಾರು ಮೈಲಿಯ ಓಟ ಇಟ್ಟಿದ್ದರು. ಓಟದ ಕೊನೆ ಮುಟ್ಟಿದವರ ಹೆಸರಿನಲ್ಲಿ ಮಾತ್ರ ಜನ ಜೀಪಿಗೆ ದಾನ ಕೊಡುವುದೆಂದು ಮಾತು. ಅಕ್ಕನಿಗಾಗಿ ಹೆಸರು ಕೊಟ್ಟ ಶಾಮಲ ಅಲ್ಲಿಯವರೆಗೆ ಓಡಿದ್ದೆಂದರೆ ತಪ್ಪಿಸಿಕೊಂಡ ಕರುವಿನ ಹಿಂದೆ ಮಾತ್ರ! ಅದೂ ಅಲ್ಲದೆ, ಈ ಮರದ ಹತ್ತಿರ ಬಂದರೆ ಸಾಕು, ಕಾಲು ಕಿತ್ತಿಡಲು ಆಗುತ್ತಿರಲಿಲ್ಲ.

"ನಾನೂ ಹೆಸರು ಕೊಟ್ಟಿದ್ದೀನಿ. ಮಾತಾಡ್ತಾ ಓಡಿ. ಮಾತು ನಿಂತ್ರೆ, ಓಟ ಜೋರಾಯ್ತು ಅಂತ ಲೆಕ್ಕ."

ಮಾತಿಗೇನು ಬರ? ದಿನಾ ಬೆಳಿಗ್ಗೆ ಊರಿನಿಂದ ಮರದವರೆಗೆ, ಮರದಿಂದ ಊರಿಗೆ. ಒಂದು ತಿಂಗಳಲ್ಲಿ ಅವಳಿಗೆ ಓಟವೂ ಬಂತು, ಅವನ ದನಿ ಕೇಳದೆ ಬೆಳಗಾಗದ ಹಾಗೂ ಆಯಿತು. ಮರ ದಾಟುವುದೊಂದು ಮಾತ್ರ ಬರಲಿಲ್ಲ.

ಒಂದು ದಿನ ಮೀನಖಂಡ ಹಿಡಿದುಕೊಂಡಿತೆಂದು ಅವನು ನೀಲಗಿರಿ ಎಣ್ಣೆಯ ಸೀಸೆ ಕೊಟ್ಟ. ಹಚ್ಚಿಕೊಂಡವಳು ಮರೆತು, ರೇಷ್ಮೆಹುಳು ಸಾಕುವ ಕೋಣೆಗೆ ನಡೆದುಬಿಟ್ಟಳು.

"ಏನೇ ಇದು ಘಾಟು!" ತಾಯಿ ದೊಡ್ಡವೆಂಕಟಮ್ಮ ಕೂಗಿಕೊಂಡಳು. ವಾಸನೆಗೆ ಹುಳ ಕೆಡುತ್ತದೆಂದು, ಆ ಕೋಣೆಗೆ ಹೋಗುವಾಗ ಅವಳು ತಲೆಗೆ ಹೂವು ಕೂಡ ಮುಡಿಯುತ್ತಿರಲಿಲ್ಲ. "ನೋಡೇ, ಹುಳ ಸೊಪ್ಪೇ ಮುಟ್ತಿಲ್ಲ! ಆ ಕಂಪೌಂಡ್ರು ನಮ್ಮನೆ ತೊಳೆಯೋಕೆ ಬಂದವ್ನೆ!"

ಮರುದಿನ ಶಾಮಲ ಅಳುತ್ತಲೇ ಸೀಸೆಯನ್ನು ಅವನ ಕೈಗಿಟ್ಟಳು. "ನಿಮ್ಮಿಂದ ನಮ್ಮ ಬೆಳೆ ಹೋಯ್ತು. ಗೂಡು ಕಟ್ಟೋವರ್ಗೂ ನನ್ ಹತ್ರ ಬರ್ಬೇಡಿ!"

ಅವನು ಸೀಸೆಯನ್ನು ಜೇಬಿಗಿಳಿಸಿ ಹೊರಟುಹೋದ.

ಎರಡು ದಿನ ಕಳೆದವು. ಹುಳುಗಳು ಎದ್ದು ಗಬಗಬನೆ ಮೇಯತೊಡಗಿದವು! ಪೊರೆ ಬಿಡಲು, ಎಂದಿನಂತೆ ಮೇವು ನಿಲ್ಲಿಸಿ, ಒಂದು ದಿನ ಮುಂಚೆಯೇ ಕೂತಿದ್ದವು, ಅಷ್ಟೇ. ಗಾಬರಿಯಲ್ಲಿ ಅಮ್ಮನಿಗೂ ಅದು ಹೊಳೆದಿರಲಿಲ್ಲ.

'ಅಯ್ಯೋ, ಎಂಥಾ ಮಾತಾಡಿಬಿಟ್ಟೆ... ಯಾವ ಮುಖ ಹೊತ್ತು ಅವರ ಆಸ್ಪತ್ರೆಗೆ ಹೋಗಲಿ?'

ಕದಿರಪ್ಪ ಬರಲಿಲ್ಲ. ಬಂದದ್ದು ಹೆಜ್ಜೆಯ ಸದ್ದು! ದಿನಾ ನಸುಕಿನಲ್ಲಿ, ದೂರದಲ್ಲಿ... ಟಪ್, ಟಪ್. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡುವ ಧೈರ್ಯ ಎಲ್ಲಿಂದ ಬರಬೇಕು? ಮರದ ಬಳಿ ಊರಿನತ್ತ ಹೊರಳುವ ಹೊತ್ತಿಗೆ ರಸ್ತೆ ಬರಿದು. ಅಕ್ಕನೇನೋ ಎನಿಸಿ ಬೆನ್ನು ತಣ್ಣಗಾಗುತ್ತಿತ್ತು. ಅಮ್ಮನಿಗೆ ಹೇಳಿದರೆ ಓಟವೇ ಬಂದ್! ಆ ಭಯವನ್ನು ನುಂಗಿಕೊಂಡೇ ಓಡಿದಳು.

ಓಟದ ದಿನ ಬಂತು. ಲಂಗದ ಮೇಲೆ ಅಪ್ಪನ ಹಳೇ ಷರಟು. ಮುಳಬಾಗಿಲು ದಾಟುವಷ್ಟರಲ್ಲಿ ಗುಂಪು ಚದುರಿತ್ತು. ಅಂಗಾಲಲ್ಲಿ ಬೊಬ್ಬೆ ಒಡೆದಿತ್ತು. ಕಣ್ಣು ಕತ್ತಲೆ ಬರುವ ಹೊತ್ತಿಗೆ ಎದುರಾಯಿತು... ಹುಣಸೆಮರ.

ಕಾಲು ನಿಂತೇ ಹೋಯಿತು.

ಹಿಂದೆ... ಟಪ್, ಟಪ್. ಅದೂ ನಿಂತಿತು!

'ಅಕ್ಕಾ, ನನ್ನ ಬಿಟ್ಟುಬಿಡೇ...' ಎಂದು ಕಣ್ಣು ಮುಚ್ಚಿಕೊಂಡಳು.

ಆಗ ಗಾಳಿಯಲ್ಲಿ ತೇಲಿ ಬಂತು ನೀಲಗಿರಿ ಎಣ್ಣೆಯ ಘಾಟು.

ಗಿರ್ರನೆ ತಿರುಗಿದಳು. "ನೀವಾ! ದಿನಾ ಹಿಂದೆ ಬರ್ತಿದ್ದಿದ್ದು ನೀವಾ?"

"ಲಾರಿ ರಸ್ತೆ, ಒಬ್ರೇ ಓಡ್ತಿದ್ರಿ..." ಕದಿರಪ್ಪ ಇಪ್ಪತ್ತು ಮಾರು ದೂರದಲ್ಲೇ ನಿಂತು ತಲೆ ಕೆರೆದುಕೊಂಡ. "ಔಷಧಿ ವಾಸನೆ ನನ್ ಮೈಗೇ ಹತ್ಬಿಟ್ಟೈತೆ. ಗೂಡು ಕಟ್ಟೋವರ್ಗೂ ಬರ್ಬೇಡಿ ಅಂದ್ರಲ್ಲ, ಅದಕ್ಕೇ ದೂರ. ನೀವು ಊರ್ ಕಡೆ ಹೊರಳಿದ್ರೆ ಪೊದೆ ಹಿಂದೆ..."

"ಹೆದರಿ ಹೆದರಿ ಸತ್ತಿದ್ದೀನಿ! ಒಂದ್ಸಲ ಕೆಮ್ಮೋಕೇನಾಗಿತ್ತು ನಿಮ್ಗೆ?"

"ಕೆಮ್ಮಿದ್ರೆ ಕಲ್ಲು ಬೀಳ್ತಿತ್ತಲ್ರೀ!"

ಅಳುತ್ತಿದ್ದವಳಿಗೆ ನಗು ಒತ್ತರಿಸಿ ಬಂತು. "ಮೊನ್ನೆನೇ ಗೂಡು ಕಟ್ಟಿದ್ವು. ಹುಳಕ್ಕೆ ಏನೂ ಆಗಿರ್ಲಿಲ್ಲ, ತಪ್ಪು ನಮ್ದೇ." ಮರದತ್ತ ನೋಡಿದಳು. "ಆದ್ರೆ... ಈ ಮರ ನನ್ ಕೈಲಿ ದಾಟಕ್ಕಾಗಲ್ಲ ಕದಿರಪ್ಪನವ್ರೇ."

"ಮುಂದೆ ಓಡ್ಲಾ? ಹಿಂದೆನೇ ಬರ್ಲಾ?"

"ಪಕ್ಕಕ್ಕೆ ಬನ್ನಿ."

ಅವನು ಬಂದ. ಮರದ ನೆರಳಿಗೆ ಕಾಲಿಟ್ಟಾಗ ಅವಳು ಅವನ ಕೈಯನ್ನು ಉಗುರು ನಾಟುವಂತೆ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ಮಾತಾಡ್ತಾ ಇರು ಶಾಮಲ."

"ಏನ್ ಮಾತಾಡ್ಲಿ?"

"ಯಾವತ್ತು ನಿಮ್ಮನೆಗೆ ಬಂದು ಹೆಣ್ಣು ಕೇಳ್ಲಿ, ಅದನ್ನ ಹೇಳು."

ನೆರಳು ಮುಗಿದು ಬಿಸಿಲು ಮೈಗೆ ತಾಗಿತು. ಮರ ಹಿಂದಾಗಿತ್ತು! ಎದುರಿಗಿದ್ದದ್ದು ಕೋಲಾರ, ಇನ್ನು ಎರಡೇ ಮೈಲಿ.

"ಜೀಪು ಬಂದ ದಿನ ಬಾ," ಎಂದಳು ಏದುಸಿರು ಬಿಡುತ್ತಾ. "ಆದ್ರೆ ಸೋಪು ಹಾಕಿ, ಚೆನ್ನಾಗಿ ಸ್ನಾನ ಮಾಡ್ಕೊಂಡು ಬಾ... ನಮ್ಮಮ್ಮ ಹೊಸ ಹುಳ ತರ್ತಾಳೆ!"