ಹಸಿರು ಬಣ್ಣದಡಿಯ ದಿಗ್ಬಂಧನ

"ಗೋಡೆ ತೊಳ್ಕೊಳ್ರಿ, ಮ್ಯಾಲೆ ಸುಣ್ಣ ಹೊಡೀರಿ, ಏನಾರ ಮಾಡ್ಕೊಳ್ರಿ. ಆ ಹಸಿರು ಬಣ್ಣ ಮಾತ್ರ ಕೆರೀಬ್ಯಾಡ್ರಿ," ಎಂದ ಬುಡನ್‌ಸಾಬ್. ನ್ಯಾಮತಿ ಪೇಟೆಯಲ್ಲಿ ಬಣ್ಣ ಬಳಿದು ಬಳಿದೇ ಮುದುಕನಾದವನು. "ಅದನ್ನ ಬಳದಿದ್ದು ನಾನೇ. ಚೆಂದಕ್ಕಲ್ಲ, ಮಾಟ ಮುಚ್ಚಾಕೆ."

ಹಾಲಸ್ವಾಮಿ ನಕ್ಕ. ದಾವಣಗೆರೆಯಿಂದ ಬಂದು, ಜವಳಿ ಅಂಗಡಿ ಇಡಲೆಂದು ಆ ಹಳೆಯ ಕಲ್ಲುಕೋಣೆ ಹಿಡಿದಿದ್ದ. ಅಂಥ ಕರಿಕಲ್ಲಿಗೆ ಎಣ್ಣೆಬಣ್ಣ ಮೆತ್ತಿದ್ದು ಕಂಡು ಅವನ ಹೊಟ್ಟೆ ಉರಿದಿತ್ತು.

"ನಗಬ್ಯಾಡ್ರಿ. ಈ ಕೋಣೆ ಹಳೇ ಮಾಲೀಕ ಆಸ್ತಿ ಜಗಳಕ್ಕೆ ಗೋಡೇಲಿ ಮಾಟ ಕೆತ್ತಿಸಿ, ತನ್ನ ತಮ್ಮಂಗೆ ದಿಗ್ಬಂಧನ ಹಾಕಿಸಿದ. ಬಾಗ್ಲು ತೆರೆದೇ ಇತ್ತು. ತಮ್ಮ ಉಪವಾಸ ಬಿದ್ದು ಒಳಗೇ ಸತ್ತ."

"ಬಾಗ್ಲು ತೆರೆದಿದ್ರೆ ಹೊರಗೆ ಬರಾಕೆ ಏನು ಧಾಡಿ ಸಾಬ್ರೆ?"

ಬುಡನ್‌ಸಾಬ್ ಕುರುಡಾದ ಎಡಗಣ್ಣನ್ನು ಒರೆಸಿಕೊಂಡು ಎದ್ದು ಹೋದ.

ಮರುದಿನ ಬೆಳಿಗ್ಗೆ ಹಾಲಸ್ವಾಮಿ ಕಾಸ್ಟಿಕ್ ಸೋಡಾ ಕಲಸಿದ ನೀರನ್ನು ಹಿಂದಿನ ಗೋಡೆಗೆ ಹಚ್ಚಿದ. ಬಣ್ಣ ಗುಳ್ಳೆಯೆದ್ದು, ಹಾವಿನ ಪೊರೆಯಂತೆ ಸುಲಿದು ಬಂತು. ತಂತಿ ಬ್ರಶ್ಶಿನಿಂದ ಉಜ್ಜಿದ. ಕಲ್ಲಿನಲ್ಲಿ ಕೊರೆದ ಗೆರೆಗಳು ಕಂಡವು. ಗೆರೆ ಕೂಡಿದಲ್ಲೆಲ್ಲ ರೆಪ್ಪೆಯಿಲ್ಲದ ಒಂದೊಂದು ಕಣ್ಣು. ಸೋಡಾದ ಘಾಟಿನಡಿಯಿಂದ ಸುಟ್ಟ ಕೂದಲಿನ ವಾಸನೆ ಎದ್ದಿತು. ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಹಠ ಬಿಡದೆ ಕೊನೆಯ ಕಣ್ಣನ್ನೂ ಉಜ್ಜಿ ತೆರೆದ.

ಪೇಟೆಯ ಗದ್ದಲ ಥಟ್ಟನೆ ನಿಂತಿತು.

ಕೈ ತೊಳೆಯಲು ಹೊರಟ. ಹೊಸ್ತಿಲು ದಾಟಿದ. ಎದುರಿಗೆ ಅದೇ ಗೋಡೆ. ತಿರುಗಿದ. ಓಡಿದ. ದಾಟಿದ. ಮತ್ತೆ ಗೋಡೆ. ಬಾಗಿಲಾಚೆ ಬಿಸಿಲಿತ್ತು. ಸವಳಂಗದ ಬಸ್ಸು ಸದ್ದಿಲ್ಲದೆ ಹೋಯಿತು. ಕೂಗಿದ. ಯಾರೂ ತಿರುಗಲಿಲ್ಲ. ಬೆನ್ನ ಹಿಂದೆ ಯಾರೋ ಹಸಿದವರಂತೆ ಉಸಿರೆಳೆದರು.

ಅಷ್ಟರಲ್ಲಿ ಹೆಂಡತಿ ಕೊಟ್ರಮ್ಮ ಬುತ್ತಿ ಹಿಡಿದು ಬಂದಳು.

"ಬರಬ್ಯಾಡ! ಕೊಟ್ರಿ, ಅಲ್ಲೇ ನಿಲ್ಲು!"

ಅವಳಿಗೆ ಅವನ ಬಾಯಿ ಆಡುವುದಷ್ಟೇ ಕಂಡಿತು. ಗಾಬರಿಯಿಂದ ಒಳಗೆ ಧಾವಿಸಿದಳು. ಅವಳ ಪಾದ ನೆಲಕ್ಕೆ ತಾಗಿದ್ದೇ ತಡ, ಅವನ ಕಾಲು ಹಗುರಾಯಿತು. ಪೇಟೆಯ ಸದ್ದು ಕಿವಿಗೆ ಬಡಿಯಿತು. ಆ ದಿಗ್ಬಂಧನಕ್ಕೆ ಒಳಗೆ ಒಬ್ಬರಿದ್ದರೆ ಸಾಕು. ಹಾಗೆಂದು ಹೊಳೆದ ಗಳಿಗೆಯಲ್ಲೇ ಅವಳನ್ನು ಪಕ್ಕಕ್ಕೆ ತಳ್ಳಿ ಹೊರಗೆ ಹಾರಿದ.

ತಿರುಗಿ ನೋಡಿದರೆ ಕೊಟ್ರಮ್ಮ ಹೊಸ್ತಿಲ ಹತ್ತಿರ ನಿಂತು ಕೈ ಚಾಚಿದ್ದಳು. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ಆ ಕೈ ಹಿಡಿದರೆ ತಾನೂ ಒಳಗಾದೇನು ಎಂದು ಹೆದರಿ ಹಾಲಸ್ವಾಮಿ ಹಿಂದಕ್ಕೆ ಸರಿದ. ಅವಳು ಅದನ್ನು ನೋಡಿದಳು.

ಓಡಿಹೋಗಿ ಬುಡನ್‌ಸಾಬನನ್ನು ಕರೆತಂದ. ಮುದುಕ ಬಣ್ಣದ ಡಬ್ಬಿ, ಬ್ರಶ್ಶುಗಳನ್ನು ಕೋಲಿನಿಂದ ಒಳಕ್ಕೆ ನೂಕಿ, ಬಳಿಯುವಂತೆ ಸನ್ನೆ ಮಾಡಿದ. "ಒಳಗಿದ್ದೋರೇ ಮುಚ್ಚಬೇಕು ರೀ. ಮುಚ್ಚಿದ್ರೂ ಅದು ಬರಿಗೈಲಿ ಬಿಡಲ್ಲ. ನನ್ನ ಎಡಗಣ್ಣು ಹೋಗಿದ್ದು ಅಲ್ಲೇ."

ಕೊಟ್ರಮ್ಮ ಬ್ರಶ್ಶು ಎತ್ತಿಕೊಂಡು ಬಳಿದಳು. ಒಂದೊಂದೇ ಕಣ್ಣು ಮುಚ್ಚಿತು. ಕೊನೆಯದೂ ಮರೆಯಾದಾಗ ಹೊಸ್ತಿಲು ದಾಟಿ ಬಿಸಿಲಿಗೆ ಬಂದು ನಿಂತಳು.

"ಕೊಟ್ರಿ, ಏನೂ ಆಗಿಲ್ವಲ್ಲ?"

ಅವಳು ಬಾಯಿ ತೆರೆದಳು. ಗಂಟಲು ಹಿಡಿದುಕೊಂಡಳು. ಉಸಿರು ಬಂತು, ಮಾತು ಬರಲಿಲ್ಲ. ಗಂಡನನ್ನು ಒಮ್ಮೆ ದಿಟ್ಟಿಸಿ, ತವರಿನ ಬಸ್ಸು ನಿಲ್ಲುವ ಕಡೆ ನಡೆದುಬಿಟ್ಟಳು.

ಹಾಲಸ್ವಾಮಿ ಅವಳ ಹಿಂದೆ ಹೆಜ್ಜೆಯಿಟ್ಟ. ಆಗ ಕೋಣೆಯೊಳಗಿಂದ, ಹಸಿ ಬಣ್ಣದ ಅಡಿಯಿಂದ, ಅವಳ ದನಿ ಕೇಳಿಸಿತು.

"ರೀ... ಕೈ ಕೊಡ್ರಿ. ನಂಗೆ ಕೈ ಕೊಡ್ರಿ."