ಪ್ರಳಯಕ್ಕೆ ಇಟ್ಟ ಮುಹೂರ್ತ

ಆ ವರ್ಷದ ಶ್ರಾವಣದಲ್ಲಿ ಕೇತನಪುರದ ರಾಜಬೀದಿಯಲ್ಲಿ ಮುತ್ತು ಮಾರುವವರಿರಲಿಲ್ಲ, ಮಲ್ಲಿಗೆ ಕೊಳ್ಳುವವರೂ ಇರಲಿಲ್ಲ. ಸಿರಿವಂತರು ಕಂಚಿನ ಕೊಪ್ಪರಿಗೆಗಳನ್ನೂ ಕುಲದೇವತೆಗಳನ್ನೂ ಬಂಡಿಗಳಿಗೆ ಹೇರಿಕೊಂಡು ಬೆಟ್ಟದ ದಾರಿ ಹಿಡಿದಿದ್ದರು. ಬಂಡಿಯಿಲ್ಲದವರು ದೇಗುಲದ ಜಗಲಿಯಲ್ಲಿ ಕುಳಿತು ಶಿವನಾಮ ಜಪಿಸುತ್ತಿದ್ದರು. ಅಮಾವಾಸ್ಯೆಯ ಮಧ್ಯಾಹ್ನ ಭೂಮಿ ಜಲದಲ್ಲಿ ಮುಳುಗುವುದೆಂದು ರಾಜಗುರು ತ್ರಿಲೋಚನ ಪಂಡಿತರು ಸಾರಿದ್ದರು. ಮಠದ ಭೂಮಿಯನ್ನು ಉಳುವವರಿಗೆ ಹಂಚಿದ ಅರಸ ವಿಜಯಕೇತನನ ಪಾಪಕ್ಕೆ ಈಶ್ವರನು ವಿಧಿಸಿದ ದಂಡವದು. ಅರಸನು ಸಿಂಹಾಸನವನ್ನು ತನ್ನ ತಮ್ಮನಾದ ಇರುಗನಿಗೆ ಬಿಟ್ಟುಕೊಟ್ಟರೆ ಮಾತ್ರ ದೇವರ ಕೋಪ ಇಳಿಯುವುದೆಂದೂ ಅವರೇ ನುಡಿದಿದ್ದರು.

ಅದನ್ನು ಮನಸಾರೆ ನಂಬಿದವರಲ್ಲಿ ಹಿರಿಯ ಕೆರೆಯ ಅಧಿಕಾರಿ ಮಾಚರಸನೂ ಒಬ್ಬ. ತಂದೆತಾಯಿಯಿಲ್ಲದ ಅವನಿಗೆ ಅನ್ನವಿಕ್ಕಿ ಅಕ್ಷರ ಕಲಿಸಿದವರು ಪಂಡಿತರು. ತುಂಬಿದ ಸಭೆಯಲ್ಲಿ ರಾಜ್ಯ ತ್ಯಜಿಸಬೇಕೆಂದು ಅರಸನಿಗೆ ಬಿನ್ನವಿಸಿದವನೂ ಅವನೇ. ಅರಸನು ಮುನಿಯಲಿಲ್ಲ, ಅಮಾವಾಸ್ಯೆ ಕಳೆಯಲಿ, ಊರು ಮುಳುಗಿದರೆ ತಾನೂ ಅದರೊಡನೆ ಮುಳುಗುವೆನೆಂದಷ್ಟೇ ಹೇಳಿದ.

ಅಮಾವಾಸ್ಯೆಯ ಬೆಳಿಗ್ಗೆ, ಕಡೆಯ ಸಲವಾದರೂ ಕೆರೆಯನ್ನು ನೋಡಿಬರೋಣವೆಂದು ಮಾಚರಸ ಏರಿಯ ಮೇಲೆ ನಡೆದ. ಮೂಡಣ ತಿರುವಿನಲ್ಲಿ ಹತ್ತಾರು ಮಂದಿ ಮಣ್ಣು ಅಗೆಯುತ್ತಿದ್ದರು. ಪಕ್ಕದಲ್ಲಿ ಕೊಡೆಯ ನೆರಳಿನಲ್ಲಿ ಪಂಡಿತರು ನಿಂತಿದ್ದರು.

ಮಾಚರಸ ಅವರತ್ತ ಓಡಿದ. ಆ ತಿರುವಿನಡಿ ಹಳೆಯ ಒರತೆಯೊಂದಿತ್ತು. ಏರಿ ಅಲ್ಲಿ ಒಳಗಿಂದೊಳಗೇ ಸವೆದಿತ್ತು. ಹೋದ ಬೇಸಿಗೆಯಲ್ಲಿ ಆ ಚಿಂತೆಯಿಂದ ಅವನು ಊಟ ಬಿಟ್ಟಾಗ ತಲೆ ನೇವರಿಸಿ ಕಾರಣ ಕೇಳಿದವರು ಗುರುಗಳು. ಅವರಿಗಲ್ಲದೆ ಇನ್ನಾರಿಗೂ ಅವನು ಅದನ್ನು ಹೇಳಿರಲಿಲ್ಲ.

"ಗುರುಗಳೇ, ಇದು ಏನು?"

"ಮಾಚ, ನೀನು ಬೆಟ್ಟಕ್ಕೆ ಹೋಗು," ಎಂದರು ಪಂಡಿತರು. ಅವರ ದನಿಯಲ್ಲಿ ಎಂದಿನ ವಾತ್ಸಲ್ಯವೇ ಇತ್ತು. "ಅಧರ್ಮಕ್ಕೆ ದಂಡ ತಪ್ಪದು. ದೇವರು ತಡಮಾಡಿದರೆ ಭಕ್ತರು ಕೈಜೋಡಿಸಬೇಕಾಗುತ್ತದೆ."

"ಕೆರೆಯ ಕೆಳಗಿನ ಊರಿನವರು ಏನು ತಪ್ಪು ಮಾಡಿದ್ದಾರೆ?"

ಪಂಡಿತರು ಸೂರ್ಯನತ್ತ ನೋಡಿದರು, ಹೊತ್ತು ಎಷ್ಟಾಯಿತೆಂದು.

ಮೂವತ್ತು ವರ್ಷ ಆ ಮುಖವನ್ನು ನೋಡಿ ನೆಮ್ಮದಿಗೊಂಡಿದ್ದ ಮಾಚರಸನಿಗೆ ಅದು ಯಾರದೋ ಮುಖವೆನಿಸಿತು. ಅಷ್ಟರಲ್ಲಿ ಗುಂಡಿಯ ತಳದಿಂದ ಕೆಸರುನೀರು ಬುಗ್ಗೆಯಾಗಿ ಚಿಮ್ಮಿತು. ಅವನು ಉತ್ತರೀಯವನ್ನು ಎಸೆದು ಗುಂಡಿಗೆ ಧುಮುಕಿ, ನೀರು ನುಗ್ಗುವ ಬಾಯಿಗೆ ಬೆನ್ನು ಕೊಟ್ಟು ಕುಳಿತ. ಅಗೆಯುವವರು ಗುದ್ದಲಿ ಎತ್ತಿ ಹಾಗೆಯೇ ನಿಂತರು. ಶಾಂತಿಹೋಮದ ಕುಂಡವನ್ನು ತೋಡುತ್ತಿದ್ದೇವೆಂದೇ ಅವರು ತಿಳಿದಿದ್ದರು.

"ನಿಮ್ಮ ಮನೆಗಳು ಎಲ್ಲಿವೆ?" ಎಂದು ಮಾಚರಸ ಕೇಳಿದ.

"ಕೆಳಗಿನ ಕೇರಿಯಲ್ಲಿ, ಒಡೆಯಾ," ಎಂದ ಅವರಲ್ಲಿ ಹಿರಿಯನಾದ ಬೊಪ್ಪ.

"ಇದು ಹೋಮಕುಂಡವಲ್ಲ, ಕೆರೆಯ ಕೊರಳು. ಇನ್ನು ಒಂದು ಮೊಳ ಅಗೆದರೆ ನಿಮ್ಮ ಮಕ್ಕಳ ಹೆಣವೂ ಸಿಗುವುದಿಲ್ಲ. ಮಣ್ಣು ಹಾಕಿರಿ."

ಬೊಪ್ಪ ಒಮ್ಮೆ ರಾಜಗುರುಗಳನ್ನು ನೋಡಿದ, ಒಮ್ಮೆ ಎದೆಮಟ್ಟದ ಕೆಸರಿನಲ್ಲಿದ್ದ ಅಧಿಕಾರಿಯನ್ನು ನೋಡಿದ. ಆಮೇಲೆ ಗುದ್ದಲಿ ತಿರುಗಿಸಿ ಮಣ್ಣನ್ನು ಒಳಕ್ಕೆ ಎಳೆದ. ನಿಲ್ಲಿಸಿರೆಂದು ಪಂಡಿತರು ಶಾಪದ ಭಯ ತೋರಿಸಿದರೂ ಯಾರೂ ಕೇಳಲಿಲ್ಲ. ಕಲ್ಲು, ಸೊಪ್ಪು, ಕೊನೆಗೆ ತಮ್ಮ ಕಂಬಳಿಗಳನ್ನೂ ತುರುಕಿ ಮೆಟ್ಟಿದರು. ಜಾರಿದ ಬಂಡೆಯೊಂದು ಮಾಚರಸನ ಎಡ ಭುಜವನ್ನು ಮುರಿಯಿತು; ಅವನು ಕದಲಲಿಲ್ಲ. ನೀರು ನಿಂತ ಮೇಲೆ ಅವನನ್ನು ಮೇಲೆಳೆದರು. ಆಗ ಸೂರ್ಯ ನೆತ್ತಿಯ ಮೇಲಿದ್ದ. ಭೂಮಿ ಇದ್ದಲ್ಲೇ ಇತ್ತು.

ಅಗೆತಕ್ಕೆ ಕೂಲಿ ಕೊಟ್ಟವನು ಇರುಗನೆಂಬ ಬೊಪ್ಪನ ಸಾಕ್ಷ್ಯದಿಂದ ಒಳಸಂಚು ಹೊರಬಿತ್ತು. ಇರುಗನು ಸೆರೆಗೆ ಹೋದ. ಗುರುವಿಗೆ ಯಾವ ದಂಡ ತಕ್ಕದ್ದೆಂದು ಅರಸನು ಮಾಚರಸನನ್ನೇ ಕೇಳಿದ.

"ಪ್ರಭು, ಇವರ ಮಾತು ನಂಬಿ ತಮ್ಮನ್ನೇ ಪಾಪಿಯೆಂದವನು ನಾನು. ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ನನಗೆ ಕೆರೆಯ ಕೆಲಸವೊಂದನ್ನು ಉಳಿಸಿಕೊಟ್ಟರೆ ಸಾಕು."

ಅರಸನು ಪಂಡಿತರನ್ನು ಗಡೀಪಾರು ಮಾಡಿದ. ಕಾವಲಿನವರು ಅವರನ್ನು ಏರಿಯ ದಾರಿಯಲ್ಲೇ ಕರೆದೊಯ್ದರು. ಕಟ್ಟಿದ ತೋಳಿನೊಂದಿಗೆ ಮಣ್ಣು ಹೊರಿಸುತ್ತಿದ್ದ ಮಾಚರಸನೆದುರು ಪಂಡಿತರು ನಿಂತರು. ಮೂವತ್ತು ವರ್ಷದ ರೂಢಿಯಿಂದ ಅವನ ಬೆನ್ನು ತಾನಾಗಿ ಬಾಗಿತು, ಬಲಗೈ ಅವರ ಪಾದದತ್ತ ಚಾಚಿತು. ನಡುವೆಯೇ ಆ ಕೈ ನಿಂತಿತು. ಅವನು ಪಾದದ ಪಕ್ಕದಲ್ಲಿದ್ದ ಕಲ್ಲನ್ನು ಎತ್ತಿಕೊಂಡು ಮೂಡಣ ತಿರುವಿನತ್ತ ನಡೆದ.